ಕಣಕದ ಕುಸುರಿ: ಕ್ಯಾಂಟನ್ ಚಹಾಮನೆಗಳ ಡಿಮ್ ಸಮ್

ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ, ಮುಖ್ಯವಾಗಿ ಹಿಂದೆ ಕ್ಯಾಂಟನ್ ಎಂದು ಹೊರಜಗತ್ತಿಗೆ ಪರಿಚಿತವಾಗಿದ್ದ ಗುವಾಂಗ್‌ಝೌ ನಗರದಲ್ಲಿ ಹಾಗೂ ಹಾಂಗ್‌ಕಾಂಗ್‌ನಲ್ಲಿ, ನಸುಕಿನಿಂದ ಮಧ್ಯಾಹ್ನದವರೆಗೆ ಚಹಾದ ಜೊತೆಗೆ ತಿನ್ನುವ ಪುಟ್ಟ ಪುಟ್ಟ ತಿನಿಸುಗಳನ್ನೆಲ್ಲ ಒಟ್ಟಾಗಿ ಡಿಮ್ ಸಮ್ ಎನ್ನುತ್ತಾರೆ. ಭಾರತದ ನಗರಗಳ ರೆಸ್ಟೋರೆಂಟುಗಳಲ್ಲಿ ಈ ಹೆಸರು ಹೂರಣ ತುಂಬಿ ಹಬೆಯಲ್ಲಿ ಬೇಯಿಸಿದ ಒಂದೇ ಬಗೆಯ ತಿನಿಸಿಗೆ ಅಂಟಿಕೊಂಡಿದ್ದರೂ, ಅದರ ತವರಿನಲ್ಲಿ ಹಬೆಯಲ್ಲಿ ಬೆಂದದ್ದು, ಎಣ್ಣೆಯಲ್ಲಿ ಕರಿದದ್ದು, ಕಾವಲಿಯ ಮೇಲೆ ಕೆಂಪಗೆ ಮಾಡಿದ್ದು, ಒಲೆಗೂಡಿನಲ್ಲಿ ಸುಟ್ಟದ್ದು ಎಲ್ಲವೂ ಡಿಮ್ ಸಮ್ಮೇ ಆಗಿದ್ದು, ಅದರಲ್ಲಿ ಉಪ್ಪಿನ ತಿನಿಸುಗಳೂ ಸಿಹಿಗಳೂ ಸೇರಿವೆ. ಇಷ್ಟು ಬಗೆಗಳ ನಡುವೆ ಯಾವುದನ್ನು ಆರಿಸಿಕೊಳ್ಳಬೇಕೆಂಬ ಪ್ರಶ್ನೆ ಬಂದಾಗ ಹೊಸಬರು ಸಾಮಾನ್ಯವಾಗಿ ಒಳಗಿನ ಹೂರಣ ಏನೆಂದು ಕೇಳುತ್ತಾರೆ. ಆದರೆ ಕ್ಯಾಂಟನೀಸ್ ಬಾಣಸಿಗರ ವಿದ್ಯೆ ಹೆಚ್ಚಾಗಿ ಮೈದಳೆದಿರುವುದು ಹೂರಣವನ್ನು ಹೊದ್ದ ಕಣಕದಲ್ಲಿ. ಗೋಧಿ, ಅಕ್ಕಿ, ಅಂಟಕ್ಕಿ, ಮೂಲಂಗಿ, ಕೆಸುವಿನ ಗೆಡ್ಡೆ ಇವುಗಳಲ್ಲಿರುವ ಪಿಷ್ಟವನ್ನು ಹಬೆಗೂ ಎಣ್ಣೆಗೂ ಒಗ್ಗಿಸಿ, ಒಂದನ್ನು ಗಾಜಿನಂತೆ ಪಾರದರ್ಶಕವಾಗಿಯೂ ಇನ್ನೊಂದನ್ನು ಹತ್ತಿಯಂತೆ ಹಗುರವಾಗಿಯೂ ಮಾಡುವ ಕೌಶಲವನ್ನು ಗಮನಿಸುತ್ತ ತಿಂದವರಿಗೆ ಮಾತ್ರ ಈ ಅಡುಗೆಯ ಹಿರಿಮೆ ಪೂರ್ತಿಯಾಗಿ ದಕ್ಕುತ್ತದೆ.

ಡಿಮ್ ಸಮ್ ತಿನ್ನಲು ಹೋಗುವುದಕ್ಕೆ ಆ ಸೀಮೆಯಲ್ಲಿ ಯಮ್ ಚಾ, ಅಂದರೆ ಚಹಾ ಕುಡಿಯುವುದು, ಎಂದೇ ಹೇಳುತ್ತಾರೆ. ಹತ್ತೊಂಬತ್ತನೆಯ ಶತಮಾನದ ಗುವಾಂಗ್‌ಝೌದಲ್ಲಿ ಹಮಾಲರು, ದೋಣಿಯವರು ಮೊದಲಾದ ದುಡಿಯುವ ಜನ ಅಗ್ಗದ ಬೆಲೆಗೆ ಚಹಾ ಕುಡಿದು, ಹೊಟ್ಟೆ ತುಂಬುವ ಒಂದೆರಡು ಒರಟು ತಿನಿಸು ತಿಂದು ದಣಿವಾರಿಸಿಕೊಳ್ಳುತ್ತಿದ್ದ ಸಣ್ಣ ಚಹಾದಂಗಡಿಗಳಿದ್ದವು. ಕಾಲಕ್ರಮೇಣ ಉಳ್ಳವರಿಗಾಗಿ ಕೆತ್ತನೆಯ ಕಿಟಕಿಗಳುಳ್ಳ ಬಹುಮಹಡಿಯ ಚಹಾಮನೆಗಳು ಎದ್ದವು. 1757ರಿಂದ 1842ರವರೆಗೆ ಪಾಶ್ಚಾತ್ಯ ವರ್ತಕರಿಗೆ ಚೀನಾದಲ್ಲಿ ತೆರೆದಿದ್ದ ಏಕೈಕ ಬಂದರು ಇದೇ ಆಗಿದ್ದುದರಿಂದ ನಗರದಲ್ಲಿ ಹಣವೂ ಇತ್ತು, ವ್ಯವಹಾರದ ಮಾತುಕತೆಗೆ ಕೂರಲು ಜಾಗ ಬೇಕಾದ ವರ್ತಕರೂ ಇದ್ದರು. ಗುವಾಂಗ್‌ಝೌದ ತಾವೊ ತಾವೊ ಜ್ಯು 1880ರಲ್ಲೂ ಲಿನ್ ಹ್ಯೊಂಗ್ 1889ರಲ್ಲೂ ಆರಂಭವಾದವು. ಹಾಂಗ್‌ಕಾಂಗ್‌ನಲ್ಲಿ 1933ರಲ್ಲಿ ತೆರೆದ ಲುಕ್ ಯು ಚಹಾಮನೆಗೆ, ಎಂಟನೆಯ ಶತಮಾನದಲ್ಲಿ ಚಹಾದ ಬಗ್ಗೆ ಮೊದಲ ಶಾಸ್ತ್ರಗ್ರಂಥವನ್ನು ಬರೆದ ಲು ಯು ಎಂಬ ವಿದ್ವಾಂಸನ ಹೆಸರನ್ನೇ ಇಡಲಾಗಿದೆ. ಮುಚ್ಚಳವಿರುವ ಒಂದು ಬಟ್ಟಲು ಚಹಾ, ಜೊತೆಗೆ ಎರಡು ತಿನಿಸು ಎಂಬುದು ಹಳೆಯ ಕಾಲದ ಲೆಕ್ಕವಾಗಿತ್ತು. ಪೈಪೋಟಿಗೆ ಬಿದ್ದ ಚಹಾಮನೆಗಳು ವಾರ ವಾರಕ್ಕೂ ಹೊಸ ತಿನಿಸುಗಳನ್ನು ಹೊರತರತೊಡಗಿದ ಮೇಲೆ ಆ ಎರಡು ತಿನಿಸುಗಳು ನೂರಾರಾಗಿ ಬೆಳೆದವು.

ಮೇಜಿಗೆ ಮೊದಲು ಬರುವುದು ಈಗಲೂ ಚಹಾವೇ. ಯುನ್ನಾನ್ ಪ್ರಾಂತ್ಯದಿಂದ ಬರುವ, ಹುದುಗಿಸಿ ವರ್ಷಗಟ್ಟಲೆ ಇಟ್ಟ ಪು ಎರ್ ಎಂಬ ಕಪ್ಪು ಬಣ್ಣದ ಚಹಾವನ್ನು ಹಳಬರು ಹೆಚ್ಚಾಗಿ ಕೇಳುತ್ತಾರೆ, ಏಕೆಂದರೆ ಹಂದಿಕೊಬ್ಬು ಬೆರೆತ ತಿನಿಸುಗಳ ಜಿಡ್ಡನ್ನು ಅದು ನಾಲಿಗೆಯಿಂದ ತೊಳೆದುಹಾಕುತ್ತದೆ. ಅದಕ್ಕೆ ಒಣ ಸೇವಂತಿಗೆ ಹೂ ಬೆರೆಸಿ ಕುಡಿಯುವವರೂ ಇದ್ದಾರೆ; ಮಲ್ಲಿಗೆಯ ಪರಿಮಳದ ಚಹಾವನ್ನೂ, ಅರ್ಧ ಹುದುಗಿಸಿದ ಊಲಾಂಗ್ ಬಗೆಯ ಟಿಟ್ ಕುನ್ ಯಮ್ ಅನ್ನೂ ಮೆಚ್ಚುವವರು ಬೇರೆ. ಹಾಲು, ಸಕ್ಕರೆ ಸೇರಿಸುವ ಪದ್ಧತಿ ಇಲ್ಲ. ಚಹಾಪಾತ್ರೆಯಲ್ಲಿ ತುಂಬಿಟ್ಟ ನೀರು ಮುಗಿದಾಗ ಅದರ ಮುಚ್ಚಳವನ್ನು ಅರ್ಧ ತೆರೆದಿಟ್ಟರೆ ಬಡಿಸುವವರು ಬಂದು ಬಿಸಿನೀರು ಸುರಿದು ಹೋಗುತ್ತಾರೆ. ಮೇಜಿನ ಜೊತೆಗಾರರು ಬಟ್ಟಲಿಗೆ ಚಹಾ ಹಾಕಿದಾಗ ಎರಡು ಬೆರಳುಗಳನ್ನು ಮಡಿಚಿ ಮೇಜಿನ ಮೇಲೆ ಮೆಲ್ಲಗೆ ತಟ್ಟುವುದು ಕೃತಜ್ಞತೆ ಸೂಚಿಸುವ ರೀತಿ. ಹದಿನೆಂಟನೆಯ ಶತಮಾನದ ಚಿಯೆನ್‌ಲಾಂಗ್ ಚಕ್ರವರ್ತಿ ಮಾರುವೇಷದಲ್ಲಿ ದಕ್ಷಿಣಕ್ಕೆ ಬಂದು ತನ್ನ ಸೇವಕನ ಬಟ್ಟಲಿಗೆ ಚಹಾ ಸುರಿದಾಗ, ಬಹಿರಂಗವಾಗಿ ಮಂಡಿಯೂರಲಾಗದ ಸೇವಕ ಬೆರಳುಗಳನ್ನು ಮಡಿಚಿ ನಮಸ್ಕರಿಸಿದನೆಂಬ ಐತಿಹ್ಯವನ್ನು ಇದಕ್ಕೆ ಕಾರಣವಾಗಿ ಹೇಳುತ್ತಾರೆ.

ತಿನಿಸುಗಳಲ್ಲಿ ಮೊದಲ ಸ್ಥಾನ ಹಾರ್ ಗಾವ್ ಎಂಬ ಸೀಗಡಿ ತುಂಬಿದ ತಿನಿಸಿಗೆ ಸಲ್ಲಬೇಕು. ಒಂದು ಅಡುಗೆಮನೆಯ ಮಟ್ಟವನ್ನು ಅಳೆಯಲು ಬಲ್ಲವರು ಮೊದಲು ತರಿಸುವುದು ಇದನ್ನೇ. ಇದರ ಕಣಕವನ್ನು ಸಾಮಾನ್ಯ ಮೈದಾದಿಂದ ಮಾಡಲಾಗುವುದಿಲ್ಲ. ನಾದಿದ ಗೋಧಿಹಿಟ್ಟನ್ನು ನೀರಿನಲ್ಲಿ ತೊಳೆದು, ಹಿಟ್ಟಿಗೆ ಅಂಟುತನ ಕೊಡುವ ಗ್ಲುಟೆನ್ ಎಂಬ ಪ್ರೋಟೀನನ್ನು ಬೇರ್ಪಡಿಸಿದ ಮೇಲೆ ಗೋಧಿಹಾಲಿನ ತಳದಲ್ಲಿ ಕೂರುವ ಶುದ್ಧ ಪಿಷ್ಟವನ್ನು ಒಣಗಿಸಿ, ಅದಕ್ಕೆ ಮರಗೆಣಸಿನ ಪಿಷ್ಟವನ್ನೋ ಅಂಥದೇ ಇನ್ನೊಂದನ್ನೋ ಸ್ವಲ್ಪ ಬೆರೆಸಿಕೊಳ್ಳುತ್ತಾರೆ. ಗ್ಲುಟೆನ್ ಇಲ್ಲದ ಕಾರಣ ತಣ್ಣೀರಿನಲ್ಲಿ ಕಲಸಿದರೆ ಇದು ಪುಡಿಪುಡಿಯಾಗಿ ಉದುರುತ್ತದೆಯೇ ಹೊರತು ಮುದ್ದೆಯಾಗುವುದಿಲ್ಲ. ಕುದಿಯುವ ನೀರನ್ನು ಒಮ್ಮೆಗೇ ಸುರಿದು ಪಿಷ್ಟದ ಒಂದು ಭಾಗವನ್ನು ಅಲ್ಲೇ ಬೇಯಿಸಿದಾಗ ಮಾತ್ರ ಅದಕ್ಕೆ ಹಿಡಿತ ಬರುತ್ತದೆ. ಈ ಕಣಕವನ್ನು ಲಟ್ಟಣಿಗೆಯಿಂದ ಲಟ್ಟಿಸುವ ಬದಲು, ಎಣ್ಣೆ ಸವರಿದ ಅಗಲ ಅಲಗಿನ ಕತ್ತಿಯನ್ನು ಚಿಕ್ಕ ಉಂಡೆಯ ಮೇಲೆ ಮಲಗಿಸಿ ಒತ್ತಿ, ಅರ್ಧ ಸುತ್ತು ತಿರುಗಿಸಿ, ತೆಳ್ಳನೆಯ ಬಿಲ್ಲೆಯಾಗಿ ಹರಡುತ್ತಾರೆ. ಅಂಗೈಯಲ್ಲಿ ಬಿಲ್ಲೆಯನ್ನಿಟ್ಟು ಹೂರಣ ತುಂಬಿದ ಮೇಲೆ ಒಂದೇ ಅಂಚಿನಲ್ಲಿ ನೆರಿಗೆಗಳನ್ನು ಹಿಡಿಯುತ್ತ ಇನ್ನೊಂದು ಅಂಚಿಗೆ ಒತ್ತಿದಾಗ ಅರ್ಧಚಂದ್ರಾಕಾರದ, ಹೊಟ್ಟೆಯುಬ್ಬಿದ ಒಂದು ಪುಟ್ಟ ಚೀಲ ಸಿದ್ಧವಾಗುತ್ತದೆ. ನೆರಿಗೆಗಳು ಏಳಕ್ಕಿಂತ ಕಡಿಮೆ ಇರಬಾರದೆಂದೂ, ಹತ್ತು ದಾಟಿದರೆ ಒಳ್ಳೆಯದೆಂದೂ ಬಾಣಸಿಗರ ನಡುವೆ ಕಟ್ಟುನಿಟ್ಟಿದೆ. ಇಡೀ ಕೆಲಸ ಕಣಕ ಬೆಚ್ಚಗಿರುವಷ್ಟರಲ್ಲಿ ಮುಗಿಯಬೇಕು, ಆರಿದ ಕಣಕ ನೆರಿಗೆಯಲ್ಲೇ ಬಿರಿಯುತ್ತದೆ.

ಹೂರಣದಲ್ಲಿ ಸೀಗಡಿಯ ಜೊತೆ ಸಣ್ಣಗೆ ಹೆಚ್ಚಿದ ಕಳಲೆಯೂ ಸ್ವಲ್ಪ ಹಂದಿಕೊಬ್ಬೂ ಇರುತ್ತವೆ. ಸೀಗಡಿಯನ್ನು ಉಪ್ಪು ಮತ್ತು ಪಿಷ್ಟ ಹಾಕಿ ಉಜ್ಜಿ, ಹರಿಯುವ ತಣ್ಣೀರಿನಲ್ಲಿ ಚೆನ್ನಾಗಿ ತೊಳೆದು, ನೀರಾರಿಸಿ ತಂಪಾಗಿ ಇಡುವುದರಿಂದ ಅದು ಬೆಂದ ಮೇಲೂ ಹಲ್ಲಿಗೆ ಗಟ್ಟಿಯಾಗಿ ಸಿಕ್ಕಿ ಕಟಕ್ಕೆನ್ನುತ್ತದೆ. ಐದಾರು ನಿಮಿಷಗಳ ಹಬೆಯಲ್ಲಿ ಬಿಳಿಯ ಕಣಕ ಪಾರದರ್ಶಕವಾಗಿ, ಒಳಗಿನ ಸೀಗಡಿಯ ನಸುಗೆಂಪು ಹೊರಗೆ ಕಾಣುತ್ತದೆ. ಚಾಪ್‌ಸ್ಟಿಕ್‌ನಿಂದ ಎತ್ತಿದಾಗ ತಳ ಅಂಟಿ ಹರಿಯಬಾರದು, ತುಟಿಗೆ ಹಿಟ್ಟು ಹತ್ತಬಾರದು, ಒಂದೆರಡು ತುತ್ತಿನಲ್ಲಿ ಮುಗಿಯಬೇಕು. ಬುಟ್ಟಿ ಮೇಜಿಗೆ ಬಂದು ಹತ್ತು ನಿಮಿಷ ಕಳೆದರೆ ಪಿಷ್ಟ ಮತ್ತೆ ಬಿಗಿದುಕೊಂಡು ಚರ್ಮದಂತಾಗುವುದರಿಂದ, ಮಾತಿನಲ್ಲಿ ಮೈಮರೆತು ಹಾರ್ ಗಾವ್ ಅನ್ನು ಆರಲು ಬಿಡುವುದು ಅದನ್ನು ಮಾಡಿದ ಕೈಗೆ ಬಗೆದ ಅನ್ಯಾಯವೇ ಸರಿ.

ಹಾರ್ ಗಾವ್ ಜೊತೆಗೆ ತಪ್ಪದೆ ಬರುವ ಸಿಯು ಮಾಯ್ ಮೂಲದಲ್ಲಿ ಉತ್ತರದ್ದು. ಒಳ ಮಂಗೋಲಿಯದ ಹೊಹ್‌ಹೋಟ್ ನಗರದಲ್ಲಿ ಇಂದಿಗೂ ಕುರಿಮಾಂಸದ ಹೂರಣವಿರುವ ಅದರ ಪೂರ್ವರೂಪವನ್ನು ಬೆಳಗಿನ ತಿಂಡಿಯಾಗಿ ತಿನ್ನುತ್ತಾರೆ. ದಕ್ಷಿಣಕ್ಕೆ ಬಂದಾಗ ಅದರ ಹೂರಣ ಹಂದಿಮಾಂಸ ಮತ್ತು ಸೀಗಡಿಯದಾಯಿತು, ಕಣಕಕ್ಕೆ ಮೊಟ್ಟೆ ಸೇರಿ ಹಳದಿ ಬಣ್ಣ ಬಂತು. ಬಾಯಿ ಮುಚ್ಚದೆ ಬಿಟ್ಟ ಬಟ್ಟಲಿನ ಆಕಾರದ ಈ ತಿನಿಸಿನ ತಲೆಯ ಮೇಲೆ ಏಡಿಯ ತತ್ತಿಯನ್ನೋ ಅದರ ಬದಲಿಗೆ ಕ್ಯಾರೆಟ್ ಚೂರನ್ನೋ ಇಡುತ್ತಾರೆ. ಮಾಂಸವನ್ನು ಯಂತ್ರದಲ್ಲಿ ಅರೆಯದೆ ಕತ್ತಿಯಿಂದ ಹೆಚ್ಚಿ, ಉಪ್ಪು ಹಾಕಿ ಒಂದೇ ದಿಕ್ಕಿನಲ್ಲಿ ಕಲಸಿ, ಪಾತ್ರೆಯ ಬದಿಗೆ ಮತ್ತೆ ಮತ್ತೆ ಬಡಿದಾಗ ಮಾಂಸದ ಪ್ರೋಟೀನುಗಳು ಬಿಡಿಸಿಕೊಂಡು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ಬೆಂದ ಮೇಲೆ ಹೂರಣ ಉದುರದೆ ಪುಟಿಯುತ್ತದೆ. ಹಾಂಗ್‌ಕಾಂಗ್‌ನ ಬೀದಿಬದಿಯಲ್ಲಿ ಕಡ್ಡಿಗೆ ಚುಚ್ಚಿ, ಸಿಹಿ ಸೋಯಾ ಸಾಸ್ ಮತ್ತು ಮೆಣಸಿನೆಣ್ಣೆ ಹಾಕಿ ಮಾರುವ ಹಳದಿ ಸಿಯು ಮಾಯ್‌ನಲ್ಲಿ ಇರುವುದು ಬಹುತೇಕ ಮೀನಿನ ಹಿಟ್ಟು. ಅದರ ರುಚಿಯೇ ಬೇರೆ, ಅದನ್ನು ಮೆಚ್ಚುವ ಜನವೂ ಬಹಳ.

ಮೂರನೆಯದು ಚಾರ್ ಸಿಯು ಬಾವ್. ಚಾರ್ ಸಿಯು ಎಂದರೆ ಸೋಯಾ ಸಾಸ್, ಜೇನು, ಐದು ಸಂಬಾರಗಳ ಪುಡಿ ಮೊದಲಾದವುಗಳಲ್ಲಿ ನೆನೆಸಿ, ಸಲಾಕೆಗೆ ಸಿಕ್ಕಿಸಿ ಸುಟ್ಟ ಸಿಹಿಮಿಶ್ರಿತ ಹಂದಿಮಾಂಸ. ಬಾವ್ ಎಂದರೆ ಹುದುಗಿಸಿದ ಹಿಟ್ಟಿನ ಬನ್ನು. ಇಲ್ಲಿ ಹಾರ್ ಗಾವ್‌ಗೆ ಪೂರ್ತಿ ವಿರುದ್ಧವಾದ ಕಣಕ ಬೇಕು. ಗ್ಲುಟೆನ್ ಕಡಿಮೆ ಇರುವ ಬಿಳಿಯ ಗೋಧಿಹಿಟ್ಟಿಗೆ ಹಿಂದಿನ ದಿನದ ಹುಳಿಹಿಟ್ಟನ್ನೂ ಸಕ್ಕರೆಯನ್ನೂ ಸೇರಿಸಿ, ಹುಳಿಯನ್ನು ತಣಿಸಲು ಕ್ಷಾರದ ನೀರನ್ನು ಅಳೆದು ಹಾಕುತ್ತಾರೆ. ಕ್ಷಾರ ಹೆಚ್ಚಾದರೆ ಬನ್ನು ಹಳದಿಗಟ್ಟಿ ಸೋಪಿನ ವಾಸನೆ ಹೊಡೆಯುತ್ತದೆ, ಕಡಿಮೆಯಾದರೆ ಹುಳಿಯಾಗುತ್ತದೆ. ರಭಸದ ಹಬೆಗೆ ಇಟ್ಟಾಗ ಒಳಗಿನ ಅನಿಲ ಒಮ್ಮೆಲೇ ಹಿಗ್ಗಿ ಬನ್ನಿನ ನೆತ್ತಿ ಮೂರು ಹೋಳಾಗಿ ಬಿರಿದು, ಒಳಗಿನ ಕೆಂಪು ಹೂರಣ ಇಣುಕಬೇಕು. ನಯವಾಗಿ ಮುಚ್ಚಿಕೊಂಡ ಬನ್ನು ನೋಡಲು ಚೆನ್ನಾಗಿದ್ದರೂ ಕ್ಯಾಂಟನೀಸ್ ಕಣ್ಣಿಗೆ ಅದು ಸೋತ ಬನ್ನು. ಇದನ್ನೇ ಒಲೆಗೂಡಿನಲ್ಲಿ ಸುಡುವ ಬಗೆಯೂ ಉಂಟು. ಮಕ್ ಕ್ವಾಯ್ ಪುಯಿ ಎಂಬ ಬಾಣಸಿಗ ಐಷಾರಾಮಿ ಹೋಟೆಲಿನ ಕೆಲಸ ಬಿಟ್ಟು 2009ರಲ್ಲಿ ಹಾಂಗ್‌ಕಾಂಗ್‌ನ ಮಾಂಗ್ ಕಾಕ್ ಬಡಾವಣೆಯಲ್ಲಿ ತೆರೆದ ಟಿಮ್ ಹೋ ವಾನ್ ಎಂಬ ಪುಟ್ಟ ಅಂಗಡಿ, ಮೇಲ್ಭಾಗದಲ್ಲಿ ಗರಿಗರಿಯಾದ ಸಿಹಿ ಪದರವಿರುವ ಸುಟ್ಟ ಚಾರ್ ಸಿಯು ಬಾವ್‌ನಿಂದ ಹೆಸರಾಗಿ, 2010ರ ಮಿಷೆಲಿನ್ ಮಾರ್ಗದರ್ಶಿಯಲ್ಲಿ ಒಂದು ನಕ್ಷತ್ರ ಪಡೆಯಿತು. ಅಗ್ಗದ ಬೆಲೆಯ ತಿನಿಸಿಗೂ ಉನ್ನತ ಪಾಕಶಾಸ್ತ್ರದ ಗೌರವ ಸಲ್ಲಬೇಕೆಂಬುದನ್ನು ಹೊರಜಗತ್ತು ಒಪ್ಪಿಕೊಂಡ ಘಟ್ಟವದು.

ಇವೆಲ್ಲವನ್ನು ಬೇಯಿಸುವ ಬಿದಿರಿನ ಬುಟ್ಟಿ ಕೇವಲ ಅಲಂಕಾರಕ್ಕಾಗಿ ಉಳಿದುಬಂದದ್ದಲ್ಲ. ಲೋಹದ ಮುಚ್ಚಳದಲ್ಲಿ ಹಬೆ ತಣಿದು ಹನಿಗಟ್ಟಿ ತಿನಿಸಿನ ಮೇಲೆ ಬಿದ್ದರೆ ಬನ್ನಿನ ಮೇಲ್ಮೈ ಗುಳಿಬಿದ್ದು ಕಣಕ ನೆನೆಯುತ್ತದೆ. ಹೆಣೆದ ಬಿದಿರು ಆ ತೇವವನ್ನು ಹೀರಿಕೊಂಡು ಹೆಚ್ಚಿನ ಹಬೆಯನ್ನು ಹೊರಬಿಡುತ್ತದೆ. ಒಂದರ ಮೇಲೊಂದು ಹತ್ತಾರು ಬುಟ್ಟಿಗಳನ್ನು ಪೇರಿಸಿ ಒಂದೇ ಉರಿಯಲ್ಲಿ ಬೇಯಿಸಬಹುದಾದ್ದರಿಂದ ಉರುವಲೂ ಉಳಿಯುತ್ತದೆ, ಬಡಿಸುವ ಪಾತ್ರೆಯೂ ಅದೇ ಆಗುತ್ತದೆ.

ಕನ್ನಡಿಗರ ನಾಲಿಗೆಗೆ ಎಲ್ಲಕ್ಕಿಂತ ಬೇಗ ಒಗ್ಗುವ ತಿನಿಸು ಬಹುಶಃ ಚೆಯುಂಗ್ ಫನ್. ಕರಾವಳಿಯ ನೀರ್‌ದೋಸೆಗೆ ಮಾಡಿಕೊಳ್ಳುವಂತೆಯೇ ಅಕ್ಕಿಯನ್ನು ನೆನೆಸಿ, ನುಣ್ಣಗೆ ಅರೆದು, ಹಾಲಿನಷ್ಟು ತೆಳ್ಳಗೆ ಕದಡಿದ ಹಿಟ್ಟೇ ಇದಕ್ಕೂ ಮೂಲ. ಆದರೆ ಅದನ್ನು ಕಾವಲಿಗೆ ಹುಯ್ಯುವುದಿಲ್ಲ. ಹಬೆ ಏಳುತ್ತಿರುವ ಪೆಟ್ಟಿಗೆಯ ಮೇಲೆ ಬಿಗಿದ ಒದ್ದೆ ಬಟ್ಟೆಯ ಮೇಲೋ, ಮೇಜಿನ ಖಾನೆಯಂತೆ ಎಳೆದು ನೂಕುವ ಲೋಹದ ತಟ್ಟೆಯಲ್ಲೋ ತೆಳುವಾಗಿ ಹರಡಿ, ಸೀಗಡಿ ಅಥವಾ ಹೆಚ್ಚಿದ ಮಾಂಸವನ್ನು ಸಾಲಾಗಿ ಉದುರಿಸಿ, ಒಂದೆರಡು ನಿಮಿಷದಲ್ಲಿ ಬೆಂದ ಹಾಳೆಯನ್ನು ಹಲಗೆಯ ಮೇಲೆ ಮಗುಚಿ, ತಗಡಿನ ಸವರಿಕೆಯಿಂದ ಸುರುಳಿ ಸುತ್ತುತ್ತಾರೆ. ಹಿಟ್ಟಿಗೆ ಗೋಧಿಯ ಅಥವಾ ಮೆಕ್ಕೆಜೋಳದ ಪಿಷ್ಟವನ್ನು ಸೇರಿಸುವುದರಿಂದ ಹಾಳೆಗೆ ಹೊಳಪೂ ಜಾರುವ ಗುಣವೂ ಬರುತ್ತದೆ. ಮೇಲೆ ಸುರಿಯುವ ಸಿಹಿ ಬೆರೆತ ಸೋಯಾ ಸಾಸ್‌ನ ಹದ ಪ್ರತಿಯೊಂದು ಅಂಗಡಿಯ ಗುಟ್ಟು. ಜಾ ಲ್ಯೊಂಗ್ ಎಂಬ ಇದರ ಇನ್ನೊಂದು ರೂಪದಲ್ಲಿ, ಆಗತಾನೆ ಕರಿದ ಉದ್ದನೆಯ ಹಿಟ್ಟಿನ ಕಡ್ಡಿಯನ್ನು ಅಕ್ಕಿಯ ಹಾಳೆಯಲ್ಲಿ ಸುತ್ತಿಕೊಡುತ್ತಾರೆ. ಹೊರಗಿನ ಮೃದುತ್ವವೂ ಒಳಗಿನ ಗರಿಗರಿಯೂ ಒಂದೇ ತುತ್ತಿನಲ್ಲಿ ಸಿಗುವ ಈ ತಿನಿಸನ್ನು ಮಾಂಸ ತಿನ್ನದವರೂ ಧೈರ್ಯವಾಗಿ ಕೇಳಬಹುದು, ಮೇಲೆ ಒಣಸೀಗಡಿಯ ಪುಡಿ ಬೇಡವೆಂದು ಮೊದಲೇ ಹೇಳಿದರೆ ಸಾಕು.

ಕೋಳಿಕಾಲಿನ ಫುಂಗ್ ಜಾವ್ ಹೊರಗಿನವರನ್ನು ಹಿಂಜರಿಯುವಂತೆ ಮಾಡುತ್ತದೆ. ಪಾದಗಳನ್ನು ಮೊದಲು ಎಣ್ಣೆಯಲ್ಲಿ ಕರಿದು, ತಣ್ಣೀರಿನಲ್ಲಿ ಗಂಟೆಗಟ್ಟಲೆ ನೆನೆಸಿ ಚರ್ಮ ಉಬ್ಬಿಸಿ, ಬಳಿಕ ಮಸಾಲೆಯಲ್ಲಿ ಕುದಿಸಿ, ಕೊನೆಗೆ ಹುದುಗಿಸಿದ ಕಪ್ಪು ಸೋಯಾಕಾಳಿನ ಸಾಸ್‌ನೊಂದಿಗೆ ಹಬೆಯಲ್ಲಿ ಬೇಯಿಸುವ ಇದು, ಬೆಲೆಯಿಲ್ಲದ ವಸ್ತುವನ್ನು ಶ್ರಮದಿಂದಲೇ ಮೇಲಕ್ಕೇರಿಸಿದ ಅಡುಗೆ. ಮಾಂಸವೇ ಇಲ್ಲದ ಈ ತಿನಿಸಿನಲ್ಲಿ ಸವಿಯಬೇಕಾದದ್ದು ಚರ್ಮದ ಮೆದುತನವನ್ನೂ ಅದು ಹೀರಿದ ಸಾಸನ್ನೂ.

ಹೊಟ್ಟೆ ತುಂಬಿಸುವ ತಿನಿಸುಗಳು ಸರದಿಯಲ್ಲಿ ಹಿಂದೆ ಬರುವುದು ಒಳ್ಳೆಯದು. ನೆನೆಸಿದ ಅಂಟಕ್ಕಿಯ ನಡುವೆ ಕೋಳಿಮಾಂಸ, ಅಣಬೆ, ಒಣಗಿಸಿದ ಚೀನೀ ಸಾಸೇಜ್ ಇಟ್ಟು ತಾವರೆಯ ಒಣ ಎಲೆಯಲ್ಲಿ ಪೊಟ್ಟಣ ಕಟ್ಟಿ ಬೇಯಿಸಿದ ಲೋ ಮಾಯ್ ಗಾಯ್ ಅನ್ನು ಒಬ್ಬರೇ ತಿಂದರೆ ಬೇರೆ ಯಾವುದಕ್ಕೂ ಜಾಗ ಉಳಿಯುವುದಿಲ್ಲ. ಅದಕ್ಕಾಗಿಯೇ ಅರ್ಧ ಗಾತ್ರದ ಪೊಟ್ಟಣಗಳೂ ರೂಢಿಗೆ ಬಂದಿವೆ. ಲೋ ಬಾಕ್ ಗೋ ಎಂಬುದು ತುರಿದ ಬಿಳಿಮೂಲಂಗಿಯನ್ನು ಅಕ್ಕಿಹಿಟ್ಟಿನೊಂದಿಗೆ ಕಲಸಿ, ಒಣಸೀಗಡಿ ಮತ್ತು ಸಾಸೇಜ್ ಚೂರುಗಳನ್ನು ಸೇರಿಸಿ ತಟ್ಟೆಯಲ್ಲಿ ಹಬೆಗಿಟ್ಟು, ಆರಿದ ಮೇಲೆ ಬಿಲ್ಲೆ ಕತ್ತರಿಸಿ ಕಾವಲಿಯ ಮೇಲೆ ಎರಡೂ ಬದಿ ಕೆಂಪಗೆ ಮಾಡುವ ತಿನಿಸು. ಚಾಂದ್ರಮಾನ ಹೊಸವರ್ಷದಲ್ಲಿ ಇದನ್ನು ಮನೆಮನೆಯಲ್ಲೂ ಮಾಡುತ್ತಾರೆ. ಮೂಲಂಗಿಯ ಪಾಲು ಹೆಚ್ಚಿದ್ದಷ್ಟೂ ರುಚಿ ಹೆಚ್ಚು, ಆದರೆ ಕತ್ತರಿಸುವಾಗ ಬಿಲ್ಲೆ ಮುರಿಯುವ ಅಪಾಯವೂ ಅಷ್ಟೇ ಹೆಚ್ಚು.

ಕರಿದ ಬಗೆಗಳಲ್ಲಿ ಸ್ಪ್ರಿಂಗ್ ರೋಲ್ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಬಿಟ್ಟು, ಅಪರೂಪದ ವು ಗೋಕ್ ಅನ್ನು ಹುಡುಕಿ ತಿನ್ನುವುದು ಮೇಲು. ಬೇಯಿಸಿದ ಕೆಸುವಿನ ಗೆಡ್ಡೆಯನ್ನು ಮಿದ್ದು, ಬಿಸಿನೀರಿನಲ್ಲಿ ಬೆಂದ ಗೋಧಿಪಿಷ್ಟ ಮತ್ತು ಹಂದಿಕೊಬ್ಬಿನೊಂದಿಗೆ ನಾದಿ, ಮಾಂಸದ ಹೂರಣ ತುಂಬಿ ಎಣ್ಣೆಗೆ ಬಿಟ್ಟಾಗ, ಅದರ ಮೇಲ್ಮೈಯಿಂದ ಕೂದಲೆಳೆಯಷ್ಟು ಸಣ್ಣ ಬಂಗಾರದ ಎಳೆಗಳು ಜೇನುಹುಟ್ಟಿನ ಬಲೆಯಾಗಿ ಎದ್ದು ನಿಲ್ಲುತ್ತವೆ. ಎಣ್ಣೆಯ ಕಾವು ಸ್ವಲ್ಪ ಇಳಿದರೂ ಇಡೀ ಉಂಡೆ ಕರಗಿ ಎಣ್ಣೆಯಲ್ಲಿ ಚದುರಿಹೋಗುತ್ತದೆ, ಹೆಚ್ಚಾದರೆ ಎಳೆಗಳೇ ಏಳದೆ ಹೊರಪದರ ಬಿಗಿದುಕೊಳ್ಳುತ್ತದೆ. ಗೆಡ್ಡೆಯ ತೇವಾಂಶ ಋತುವಿಗೆ ತಕ್ಕಂತೆ ಬದಲಾಗುವುದರಿಂದ ಅಳತೆಯ ಪಟ್ಟಿ ಇಲ್ಲಿ ಉಪಯೋಗಕ್ಕೆ ಬಾರದು, ಪ್ರತಿದಿನವೂ ಒಂದು ಚೂರನ್ನು ಎಣ್ಣೆಗೆ ಬಿಟ್ಟು ಪರೀಕ್ಷಿಸಿಯೇ ಮುಂದುವರಿಯಬೇಕು. ಡಿಮ್ ಸಮ್ ಕುಸುರಿ ಕೆಲಸವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಸಿಗುವುದು ಕಷ್ಟ.

ಸಿಹಿಗಳಲ್ಲಿ ದಾನ್ ತಾತ್, ಅಂದರೆ ಮೊಟ್ಟೆಯ ಕಸ್ಟರ್ಡ್ ತುಂಬಿದ ಪುಟ್ಟ ಟಾರ್ಟ್, ಪಾಶ್ಚಾತ್ಯ ಬೇಕರಿಗಳ ಪ್ರಭಾವದಿಂದ ಕ್ಯಾಂಟನ್‌ನಲ್ಲಿ ಹುಟ್ಟಿ ಹಾಂಗ್‌ಕಾಂಗ್‌ನಲ್ಲಿ ಬೆಳೆಯಿತು. ಕುಕೀಯಂತೆ ಪುಡಿಯಾಗುವ ಹೊರಕವಚದ್ದು ಒಂದು ಬಗೆ, ಪದರ ಪದರವಾಗಿ ಬಿಡಿಸಿಕೊಳ್ಳುವುದು ಇನ್ನೊಂದು. ಮಕಾವ್‌ನಲ್ಲಿ ಸಿಗುವ, ಮೇಲ್ಮೈ ಅಲ್ಲಲ್ಲಿ ಕಪ್ಪಾಗಿ ಸುಟ್ಟಿರುವ ಟಾರ್ಟ್ ಪೋರ್ಚುಗೀಸ್ ಮಾದರಿಯದು. ಆ್ಯಂಡ್ರೂ ಸ್ಟೋ ಎಂಬ ಇಂಗ್ಲಿಷ್ ಬೇಕರಿಯವರು 1989ರಲ್ಲಿ ಅಲ್ಲಿನ ಕೊಲೊವಾನ್‌ನಲ್ಲಿ ಅದನ್ನು ಜನಪ್ರಿಯಗೊಳಿಸಿದರು. ಎಳ್ಳಿನಲ್ಲಿ ಹೊರಳಿಸಿ ಕರಿದ, ಒಳಗೆ ತಾವರೆಬೀಜದ ಅಥವಾ ಕೆಂಪು ಕಾಳಿನ ಸಿಹಿಹೂರಣವಿರುವ ಅಂಟಕ್ಕಿಯ ಉಂಡೆಗಳೂ, ಉಪ್ಪಿನಲ್ಲಿ ಹಾಕಿಟ್ಟ ಬಾತುಕೋಳಿಮೊಟ್ಟೆಯ ಹಳದಿಭಾಗವನ್ನು ಬೆಣ್ಣೆ ಮತ್ತು ಸಕ್ಕರೆಯೊಂದಿಗೆ ಕಲಸಿ ತುಂಬಿದ, ಮುರಿದರೆ ಬಿಸಿಯಾಗಿ ಹರಿಯುವ ಬನ್ನುಗಳೂ ಊಟದ ಕೊನೆಗೆಂದು ಕಾಯದೆ ಉಪ್ಪಿನ ತಿನಿಸುಗಳ ನಡುವೆಯೇ ಬರುತ್ತವೆ.

ಡಿಮ್ ಸಮ್ ಹೆಸರಿನಲ್ಲಿ ಬಡಿಸಲಾಗುವ ಎಲ್ಲವೂ ಕ್ಯಾಂಟನ್‌ನದಲ್ಲ. ಒಳಗೆ ಬಿಸಿ ಸಾರು ತುಂಬಿಕೊಂಡಿರುವ ಶಿಯಾವೊಲಾಂಗ್‌ಬಾವ್ ಶಾಂಘೈ ಬಳಿಯ ನಾನ್‌ಶಿಯಾಂಗ್‌ನ ಹೆಸರಿನೊಂದಿಗೆ ಬೆಳೆದದ್ದು; ಮಾಂಸದ ಸಾರನ್ನು ಹೆಪ್ಪುಗಟ್ಟಿಸಿ ಹೂರಣಕ್ಕೆ ಬೆರೆಸಿದಾಗ ಅದು ಹಬೆಯಲ್ಲಿ ಮತ್ತೆ ಕರಗಿ ಸಾರಾಗುತ್ತದೆ. ಕರ್ನಾಟಕದ ಓದುಗರಿಗೆ ಚಿರಪರಿಚಿತವಾದ ಮೊಮೊ ಕೂಡ ಹಿಮಾಲಯದ ಸೀಮೆಯದು. 1960ರ ದಶಕದಲ್ಲಿ ಬೈಲಕುಪ್ಪೆ, ಮುಂಡಗೋಡಗಳಲ್ಲಿ ನೆಲೆಸಿದ ಟಿಬೆಟನ್ನರ ಅಡುಗೆಮನೆಗಳಲ್ಲಿ ಅದು ದಶಕಗಳಿಂದ ಇದೆ. ಅದರ ಕಣಕ ಮೈದಾದ್ದು, ಗಟ್ಟಿಯಾದದ್ದು, ಜೊತೆಗೆ ಖಾರದ ಚಟ್ನಿ ಬೇಕು. ಕ್ಯಾಂಟನೀಸ್ ತಿನಿಸುಗಳನ್ನು ಅಷ್ಟೇ ಖಾರದ ಚಟ್ನಿಯಲ್ಲಿ ಅದ್ದಿದರೆ ಸೀಗಡಿಯ ನವಿರಾದ ಸಿಹಿಯೂ ಕಣಕದ ಸೂಕ್ಷ್ಮವೂ ಕಳೆದುಹೋಗುತ್ತವೆ.

ಸಸ್ಯಾಹಾರಿಗಳಿಗೆ ಕೆಲವು ಎಚ್ಚರಿಕೆಗಳು ಅಗತ್ಯ. ಮೂಲಂಗಿ ಅಥವಾ ಕೆಸುವಿನ ಹೆಸರಿರುವ ತಿನಿಸಿನಲ್ಲೂ ಒಣಸೀಗಡಿ, ಹಂದಿಕೊಬ್ಬು ಇರುವುದೇ ಹೆಚ್ಚು. ಸಿಹಿ ತಿನಿಸುಗಳ ಕಣಕಕ್ಕೂ ಕೊಬ್ಬು ಬೀಳುತ್ತದೆ. ಆದರೆ ಚಾಂದ್ರಮಾನ ತಿಂಗಳ ಮೊದಲ ಮತ್ತು ಹದಿನೈದನೆಯ ದಿನ ಮಾಂಸ ಬಿಡುವ ಬೌದ್ಧ ಆಚರಣೆ ದಕ್ಷಿಣ ಚೀನಾದಲ್ಲಿ ಜೀವಂತವಾಗಿರುವುದರಿಂದ ಶುದ್ಧ ಸಸ್ಯಾಹಾರಿ ಚಹಾಮನೆಗಳೂ ಅಲ್ಲಿವೆ. ಅಣಬೆ, ಕಳಲೆ, ಕ್ಯಾರೆಟ್ ತುಂಬಿದ ಪಾರದರ್ಶಕ ಕಣಕದ ಫನ್ ಗೋ ಮತ್ತು ಸೋಯಾಹಾಲಿನ ಕೆನೆಯನ್ನು ಒಣಗಿಸಿದ ಹಾಳೆಯಲ್ಲಿ ತರಕಾರಿ ಸುತ್ತಿದ ಸುರುಳಿ ಅಂಥ ಕಡೆ ತಪ್ಪದೆ ಕೇಳಬೇಕಾದವು.

ತಳ್ಳುಗಾಡಿಯಲ್ಲಿ ಬುಟ್ಟಿಗಳನ್ನು ಪೇರಿಸಿಕೊಂಡು ಹೆಂಗಸರು ತಿನಿಸಿನ ಹೆಸರು ಕೂಗುತ್ತ ಮೇಜುಗಳ ನಡುವೆ ಸಾಗುವ ಪದ್ಧತಿ ಈಗ ಕೆಲವೇ ಚಹಾಮನೆಗಳಲ್ಲಿ ಉಳಿದಿದೆ. ಉಳಿದೆಡೆ ಮುದ್ರಿತ ಚೀಟಿಯಲ್ಲಿ ಗುರುತು ಹಾಕಿ ತರಿಸಿಕೊಳ್ಳಬೇಕು. ತಿನಿಸು ಬಿಸಿಯಾಗಿ ಬರುತ್ತದೆಂಬ ದೃಷ್ಟಿಯಿಂದ ಇದು ಒಳ್ಳೆಯ ಬದಲಾವಣೆಯೇ. ಕಳವಳ ಹುಟ್ಟಿಸುವುದು ಬೇರೊಂದು ಸಂಗತಿ. ನಡುರಾತ್ರಿ ಕಳೆದು ಎರಡು ಮೂರು ಗಂಟೆಗೇ ಎದ್ದು ಕಣಕ ನಾದುವ ಈ ಕಸುಬಿಗೆ ಎಳೆಯರು ಬರುವುದು ವಿರಳವಾಗಿ, ಕಾರ್ಖಾನೆಯಲ್ಲಿ ಮಾಡಿ ಹೆಪ್ಪುಗಟ್ಟಿಸಿದ ತಿನಿಸುಗಳನ್ನು ಬಿಸಿಮಾಡಿ ಕೊಡುವ ಅಂಗಡಿಗಳು ಹಾಂಗ್‌ಕಾಂಗ್‌ನಲ್ಲೇ ಹೆಚ್ಚುತ್ತಿವೆ. ಎಲ್ಲ ಹಾರ್ ಗಾವ್‌ಗಳ ನೆರಿಗೆಗಳೂ ಅಚ್ಚೊತ್ತಿದಂತೆ ಒಂದೇ ಸಮ ಇದ್ದು, ಕಣಕ ದಪ್ಪಗೆ ರಬ್ಬರಿನಂತಿದ್ದರೆ ಅದು ಅಲ್ಲಿ ಮಾಡಿದ್ದಲ್ಲವೆಂದು ಊಹಿಸಬಹುದು.

ಭಾರತದೊಳಗೆ ಚೀನೀಯರು ತಮಗಾಗಿಯೇ ಮಾಡಿಕೊಳ್ಳುವ ಬೆಳಗಿನ ತಿಂಡಿಯನ್ನು ಸವಿಯಬಯಸುವವರು ಕೋಲ್ಕತ್ತದ ಟಿರೆಟ್ಟಿ ಬಜಾರಿಗೆ ಹೋಗಬೇಕು. ಹದಿನೆಂಟನೆಯ ಶತಮಾನದ ಕೊನೆಯಿಂದ ಆ ನಗರದಲ್ಲಿ ನೆಲೆಸುತ್ತ ಬಂದ ಹಕ್ಕಾ ಮತ್ತು ಕ್ಯಾಂಟನೀಸ್ ಕುಟುಂಬಗಳ ಸಂಖ್ಯೆ, 1962ರ ಭಾರತ-ಚೀನಾ ಯುದ್ಧದ ವೇಳೆ ಅನೇಕರನ್ನು ರಾಜಸ್ಥಾನದ ದೇವಳಿ ಶಿಬಿರದಲ್ಲಿ ಕೂಡಿಹಾಕಿದ ಮೇಲೆ ಕುಗ್ಗುತ್ತ ಹೋಯಿತು. ಉಳಿದವರು ರಸ್ತೆಬದಿಯಲ್ಲಿ ಅಲ್ಯುಮಿನಿಯಂ ಹಬೆಪಾತ್ರೆಗಳನ್ನಿಟ್ಟು ಹಂದಿಮಾಂಸದ ಬಾವ್, ಸಿಯು ಮಾಯ್, ಮೀನುಂಡೆಯ ಸಾರು ಮಾರುತ್ತಾರೆ. ಭಾನುವಾರ ವ್ಯಾಪಾರ ಜೋರು. ನಸುಕಿನಲ್ಲೇ ಶುರುವಾಗಿ ಬಿಸಿಲೇರುವ ಮೊದಲೇ ಎಲ್ಲವೂ ಖಾಲಿಯಾಗುವುದರಿಂದ ಆರು ಗಂಟೆಯ ಆಸುಪಾಸಿಗೆ ಅಲ್ಲಿರುವುದು ಕ್ಷೇಮ.